ನಾಲ್ಕೂವರೆ ಬಸ್ಸಿನ ಫುಟ್‌ಬಾಲ್ ತಂಡ

ಇತಿಹಾಸ ಪಾಠ ಹೇಳುವವನಿಗೆ ಒಂದು ದೊಡ್ಡ ಸುಖವಿದೆ. ಅವನು ಹೇಳುವುದೆಲ್ಲ ಆಗಲೇ ಆಗಿಹೋಗಿರುತ್ತದೆ. ಯಾವ ರಾಜ ಗೆದ್ದ, ಯಾವ ರಾಜ ಸೋತ ಎಂಬುದು ಪುಸ್ತಕದಲ್ಲೇ ಇರುತ್ತದೆ. ಸೋಲಿಗೆ ಕಾರಣಗಳು ಕೂಡ ಒಂದು, ಎರಡು, ಮೂರು ಎಂದು ಅಚ್ಚಾಗಿರುತ್ತವೆ. ಮುಂದೇನಾಗುತ್ತದೆ ಎಂದು ಅವನನ್ನು ಯಾರೂ ಕೇಳುವುದಿಲ್ಲ. ಮಳೆಯ ವಿಷಯ ಕೇಳಲು ರೇಡಿಯೋದವರಿದ್ದಾರೆ, ಮದುವೆಯ ವಿಷಯ ಕೇಳಲು ಜೋಯಿಸರಿದ್ದಾರೆ. ಈ ಸುಖವನ್ನು ನಂಬಿಕೊಂಡೇ ನಾನು ಇತಿಹಾಸದಲ್ಲಿ ಎಂ.ಎ. ಮಾಡಿದ್ದು. ಆದರೆ ನನ್ನ ಹಣೆಬರಹ ನೋಡಿ, ಕೊಳ್ಳೇಗಾಲದ ಕಾಲೇಜಿಗೆ ಸೇರಿದ ಸ್ವಲ್ಪ ಕಾಲಕ್ಕೇ ವರ್ಷಕ್ಕೊಮ್ಮೆ ಭವಿಷ್ಯ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ‘ನಮ್ಮ ಫುಟ್‌ಬಾಲ್ ತಂಡ: ಮುಂಬರುವ ವರ್ಷದ ನಿರೀಕ್ಷೆಗಳು’ ಎಂಬ ಒಂದು ಪುಟ ಬರುತ್ತಿತ್ತು. ಅದನ್ನು ಆರು ವರ್ಷ ಬರೆದವನು ನಾನು. ಐದು ವರ್ಷ ಬರೆದದ್ದು ಸುಳ್ಳಾಯಿತು. ಆರನೆಯದು ಮಾತ್ರ ಅಕ್ಷರಶಃ ನಿಜವಾಯಿತು. ಅದು ಹೇಗೆ ನಿಜವಾಯಿತೆಂಬುದನ್ನು ಈವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿರಲಿಲ್ಲ. ಈಗ ನಿವೃತ್ತನಾಗಿದ್ದೇನೆ, ಯಾರೂ ಮೆಮೊ ಕೊಡಲಾರರು ಎಂಬ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ಮೊದಲು ನನ್ನ ಅರ್ಹತೆ ಏನೆಂದು ಹೇಳಿಬಿಡಬೇಕು. ನನ್ನ ಎತ್ತರ ಐದು ಅಡಿ ಮೂರು ಇಂಚು. ಹೊಟ್ಟೆ ನನಗಿಂತ ಅರ್ಧ ಹೆಜ್ಜೆ ಮುಂದೆ ಹೋಗುತ್ತದೆ. ಚಿಕ್ಕಂದಿನಲ್ಲಿ ಯಳಂದೂರಿನ ನಮ್ಮ ಬೀದಿಯಲ್ಲಿ ಬಟ್ಟೆಯ ಉಂಡೆಯೆಂದುಕೊಂಡು ಒಂದು ಒಣ ತೆಂಗಿನಕಾಯಿಯನ್ನು ಒದ್ದು ಹೆಬ್ಬೆರಳಿನ ಉಗುರು ಕಿತ್ತುಕೊಂಡದ್ದನ್ನು ಬಿಟ್ಟರೆ ಕಾಲಿನಿಂದ ಯಾವ ಸಾಧನೆಯನ್ನೂ ಮಾಡಿದವನಲ್ಲ. ಹೀಗಿರುವಾಗ ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಫುಟ್‌ಬಾಲ್ ಉಸ್ತುವಾರಿ ಯಾರಿಗೆ ಎಂದು ಪ್ರಿನ್ಸಿಪಾಲರು ಸಭೆ ಕರೆದಾಗ ಎಲ್ಲರೂ ತಲೆಯೆತ್ತಿ ಫ್ಯಾನು ನೋಡತೊಡಗಿದರು. ಆ ಫ್ಯಾನು ಕೆಟ್ಟು ಎರಡು ವರ್ಷವಾಗಿತ್ತು. ನಾನೂ ನೋಡುತ್ತಿದ್ದೆ, ಆದರೂ ಪ್ರಿನ್ಸಿಪಾಲರು ನನ್ನ ಹೆಸರನ್ನೇ ಹಿಡಿದರು. ಅವರು ಸಸ್ಯಶಾಸ್ತ್ರದವರು, ಯಾವುದನ್ನೇ ಆಗಲಿ ಕಣ್ಣಿಟ್ಟು ಗಮನಿಸುವ ಸ್ವಭಾವ. “ನೀವು ದಿನಾ ಸಂಜೆ ಯಳಂದೂರು ಬಸ್ಸಿಗೆ ಓಡೋದನ್ನ ನಾನು ನೋಡಿದ್ದೀನಿ. ನಮ್ಮ ಸ್ಟಾಫಿನಲ್ಲಿ ಓಡೋರು ನೀವೊಬ್ಬರೇ” ಎಂದರು. ಐದು ಗಂಟೆಯ ಬಸ್ಸು ತಪ್ಪಿದರೆ ಮುಂದಿನದರಲ್ಲಿ ನಿಲ್ಲಲೂ ಜಾಗವಿರುವುದಿಲ್ಲ ಎಂಬ ಕಾರಣಕ್ಕೆ ಓಡುತ್ತಿದ್ದವನು ನಾನು. ಆ ಓಟವೇ ಕ್ರೀಡಾಪ್ರೇಮವೆಂದು ದಾಖಲಾಯಿತು.

ಲೈಬ್ರರಿಯಿಂದ ಫುಟ್‌ಬಾಲ್ ನಿಯಮಗಳ ಪುಸ್ತಕವೊಂದನ್ನು ತಂದು ಪರೀಕ್ಷೆಗೆ ಓದಿದ ಹಾಗೆ ಓದಿದೆ. ಎಲ್ಲ ತಿಳಿಯಿತು, ಆಫ್‌ಸೈಡ್ ಒಂದನ್ನು ಬಿಟ್ಟು. ಅದನ್ನು ಅರ್ಥ ಮಾಡಿಕೊಳ್ಳಲು ಊಟದ ಮೇಜಿನ ಮೇಲೆ ಲೋಟ, ಸೌಟು, ಉಪ್ಪಿನ ಡಬ್ಬಿಗಳನ್ನು ಆಟಗಾರರ ಹಾಗೆ ಜೋಡಿಸಿಕೊಂಡು ಕೂತಿದ್ದೆ. ನನ್ನ ಹೆಂಡತಿ ಬಂದು ಎದುರಾಳಿಯ ಗೋಲ್‌ಕೀಪರ್ ಆಗಿದ್ದ ಉಪ್ಪಿನ ಡಬ್ಬಿಯನ್ನು ಎತ್ತಿಕೊಂಡು ಸಾರಿಗೆ ಉಪ್ಪು ಹಾಕಲು ಹೋದಳು. ಅಲ್ಲಿಗೆ ನನ್ನ ಆಫ್‌ಸೈಡ್ ಅಧ್ಯಯನ ನಿಂತಿತು. ಮೈದಾನದಲ್ಲಿ ಹುಡುಗರನ್ನೇ ಕೇಳಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, “ಅದ ನಾವ್ ನೋಡ್ಕತೀವಿ ಬುಡಿ ಸಾ” ಎಂದರು. ಅಂದಿನಿಂದ ನನ್ನ ಪಾಲಿಗೆ ಉಳಿದ ಜವಾಬ್ದಾರಿ ಎರಡೇ. ಒಂದು, ಚೆಂಡನ್ನು ಬಲೆಚೀಲದಲ್ಲಿ ಹಾಕಿಕೊಂಡು ತರುವುದು ಮತ್ತು ಒಯ್ಯುವುದು. ಇನ್ನೊಂದು, ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಆಟ ಶುರು ಮಾಡುವುದು ಮತ್ತು ನಿಲ್ಲಿಸುವುದು. ಶುರು ಮಾಡುವುದರಲ್ಲಿ ನಾನು ಸಾಧಾರಣ. ನಿಲ್ಲಿಸುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರಿರಲಿಲ್ಲ, ಅದು ಮುಂದೆ ಗೊತ್ತಾಗುತ್ತದೆ.

ನಮ್ಮ ತಂಡವನ್ನು ಕಟ್ಟಿದವನು ನಾನಲ್ಲ, ಬಸ್ಸಿನ ವೇಳಾಪಟ್ಟಿ. ಮುಂದೆ ನಿಂತು ಗೋಲು ಹೊಡೆಯುವ ನಾಲ್ವರೂ ಹನೂರಿನಾಚೆಯ ಮಾರ್ಟಳ್ಳಿ ಕಡೆಯವರು. ಆ ಊರುಗಳಲ್ಲಿ ಮಕ್ಕಳು ನಡೆಯುವುದಕ್ಕಿಂತ ಮುಂಚೆ ಒದೆಯುವುದನ್ನು ಕಲಿಯುತ್ತಾರೆಂದು ನನ್ನ ಅನುಮಾನ. ಹಿಂದೆ ನಿಂತು ತಡೆಯುವವರೆಲ್ಲ ಯಳಂದೂರು, ಹೊನ್ನೂರು ಕಡೆಯ ಹುಡುಗರು. ಕೆಸರುಗದ್ದೆಯಲ್ಲಿ ನಿಂತು ಅಭ್ಯಾಸವಾದ ಕಾಲುಗಳು, ಒಮ್ಮೆ ಊರಿದರೆ ಅಲ್ಲಾಡುತ್ತಿರಲಿಲ್ಲ. ಮುಂದಿನವರು ಚೆಂಡು ಬೇಕಾದಾಗ ತಮಿಳಿನಲ್ಲಿ ಕೂಗುತ್ತಿದ್ದರು, ಹಿಂದಿನವರು ಕನ್ನಡದಲ್ಲಿ ಬಯ್ಯುತ್ತಿದ್ದರು. ನಡುವೆ ಆಡುತ್ತಿದ್ದ ಕೌದಳ್ಳಿಯ ಹುಡುಗನಿಗೆ ಎರಡೂ ಭಾಷೆ ಬರುತ್ತಿದ್ದರಿಂದ ಅವನು ಚೆಂಡನ್ನೂ ಮಾತನ್ನೂ ಆ ಕಡೆಯಿಂದ ಈ ಕಡೆಗೆ ಸಾಗಿಸುತ್ತಿದ್ದ. ಇದೆಲ್ಲ ಸರಿಯೇ. ತೊಂದರೆಯೆಂದರೆ ಮಾರ್ಟಳ್ಳಿಗೆ ಹೋಗುವ ಕೊನೆಯ ಬಸ್ಸು ನಾಲ್ಕೂವರೆಗೆ. ಕತ್ತಲಾದ ಮೇಲೆ ಆ ಕಾಡುದಾರಿಯಲ್ಲಿ ಬಸ್ಸು ಬಿಡುತ್ತಿರಲಿಲ್ಲ. ಕಾಡುಗಳ್ಳನ ಭಯದ ಆ ಕಾಲದಲ್ಲಿ ನಮ್ಮ ಕಡೆ ಇದ್ದವರಿಗೆ ಕಾರಣ ಹೇಳಬೇಕಾಗಿಲ್ಲ. ಹಿಂದಿನವರೋ ವಿಜ್ಞಾನದ ಹುಡುಗರು, ಅವರಿಗೆ ಲ್ಯಾಬು ಮುಗಿಯುತ್ತಿದ್ದುದು ನಾಲ್ಕೂಕಾಲಿಗೆ. ಹೀಗಾಗಿ ನಮ್ಮ ತಂಡದಲ್ಲಿ ಹನ್ನೊಂದು ಜನ ಒಟ್ಟಿಗಿರುತ್ತಿದ್ದುದು ದಿನಕ್ಕೆ ಕಾಲು ಗಂಟೆ ಮಾತ್ರ.

ಆ ಕಾಲು ಗಂಟೆ ಮುಗಿಯುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಮೈದಾನ ಹನೂರು ರಸ್ತೆಯ ಪಕ್ಕಕ್ಕೇ ಇತ್ತು. ಮಾರ್ಟಳ್ಳಿ ಬಸ್ಸು ಸ್ಟ್ಯಾಂಡಿನಿಂದ ಹೊರಟು ಈ ರಸ್ತೆಗೆ ತಿರುಗುವಾಗ ಡ್ರೈವರ್ ರಾಚಣ್ಣ ಉದ್ದಕ್ಕೆ ಒಂದು ಹಾರ್ನ್ ಹೊಡೆಯುತ್ತಿದ್ದ. ಕಾಲೇಜು ಹುಡುಗರಿಗೆ ಬಸ್ಸು ಬಂತೆಂದು ತಿಳಿಯಲಿ ಎಂದು ಅವನಾಗಿಯೇ ಮಾಡಿಕೊಂಡಿದ್ದ ಪದ್ಧತಿ ಅದು. ಹಾರ್ನ್ ಕೇಳಿದ ಕೂಡಲೇ ನಾನು ಮೂರು ಸಲ ಸೀಟಿ ಊದುತ್ತಿದ್ದೆ. ಚೆಂಡು ಎಲ್ಲಿತ್ತೋ ಅಲ್ಲಿಗೆ ಆಟ ನಿಲ್ಲುತ್ತಿತ್ತು. ಮುಂದಿನ ನಾಲ್ವರು ಹುಣಸೆಮರದ ಕೆಳಗಿಟ್ಟಿದ್ದ ಚೀಲಗಳನ್ನು ಎತ್ತಿಕೊಂಡು ಗೇಟಿಗೆ ಓಡುತ್ತಿದ್ದರು. ನಾನು ಚೆಂಡನ್ನು ಬಲೆಚೀಲಕ್ಕೆ ತುಂಬಿ, ಅಟೆಂಡರ್ ಕೈಲಿ ಬೀರುವಿಗೆ ಸೇರಿಸಿ, ಎದುರು ದಿಕ್ಕಿಗೆ ನನ್ನ ಯಳಂದೂರು ಬಸ್ಸಿಗೆ ಓಡುತ್ತಿದ್ದೆ. ಉಳಿದವರಾದರೂ ಆಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಚೆಂಡು ಒಂದೇ ಇತ್ತು, ಅದನ್ನು ಬೀರುವಿನಲ್ಲಿ ಇಡಿಸಿ ಬೀಗ ಹಾಕಿಸದೆ ನಾನು ಹೋಗುವಂತಿರಲಿಲ್ಲ. ಐದಾರು ವರ್ಷ, ಮಳೆಗಾಲ ಬೇಸಗೆ ಎನ್ನದೆ, ಇದೇ ಪದ್ಧತಿ. ನಮ್ಮ ತಂಡ ಎಲ್ಲಕ್ಕಿಂತ ಹೆಚ್ಚಾಗಿ ಅಭ್ಯಾಸ ಮಾಡಿದ್ದು ಆಟ ನಿಲ್ಲಿಸುವುದನ್ನೇ ಎಂದು ಆಗ ನನಗೆ ಹೊಳೆಯಲಿಲ್ಲ.

ಗೋಲ್‌ಕೀಪರ್ ಶಿವಮಲ್ಲುವಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಹೊನ್ನೂರಿನವನು, ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಹುಳುವನ್ನು ನೋವಾಗದ ಹಾಗೆ ಎತ್ತಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಕೈ ಅದು. ಎಂಥ ಬಿರುಸಿನ ಚೆಂಡು ಬಂದರೂ ಮಗುವನ್ನು ಎತ್ತಿಕೊಳ್ಳುವ ಹಾಗೆ ಹಿಡಿದು ಎದೆಗಿಟ್ಟುಕೊಳ್ಳುತ್ತಿದ್ದ. ಆದರೆ ಹುಳು ಹಣ್ಣಾಗಿ ಗೂಡಿಗೆ ಸಿದ್ಧವಾಗುವ ದಿನ ಮತ್ತು ನಮ್ಮ ಪಂದ್ಯದ ದಿನ ಅದು ಹೇಗೋ ಒಂದೇ ಆಗಿಬಿಡುತ್ತಿದ್ದವು. ‘ಹುಳು ಹಣ್ಣಾಗಿರುವುದರಿಂದ ಈ ದಿನ ಪಂದ್ಯಕ್ಕೆ ಬರಲಾಗುವುದಿಲ್ಲ’ ಎಂಬ ರಜಾ ಚೀಟಿಗಳು ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಕಟ್ಟೇ ಇದ್ದವು. ಅಂಥ ದಿನಗಳಲ್ಲಿ ಗೋಲಿನಲ್ಲಿ ಯಾರನ್ನು ನಿಲ್ಲಿಸಿದರೂ ಗೋಲುಗಳು ಸಾಲುಸಾಲಾಗಿ ಆಗುತ್ತಿದ್ದವು. ಒಂದು ವರ್ಷ ಎದುರಾಳಿ ತಂಡವೇ ಬಾರದೆ ನಾವು ಎರಡನೆಯ ಸುತ್ತಿಗೆ ಹೋದೆವು. ಆ ಸಂತೋಷಕ್ಕೆ ಸ್ಟಾಫ್ ರೂಮಿನಲ್ಲಿ ಮೈಸೂರುಪಾಕು ಹಂಚಿದ್ದೆ. ಎರಡನೆಯ ಸುತ್ತಿನ ದಿನ ಹುಳು ಹಣ್ಣಾಯಿತು, ನಾವು ಒಂಬತ್ತು ಗೋಲು ತಿಂದು ಬಂದೆವು.

ಇಷ್ಟಾದರೂ ವರ್ಷ ವರ್ಷವೂ ಆ ಪುಟದಲ್ಲಿ ನಾನು ಬರೆಯುತ್ತಿದ್ದುದು ಏನು ಗೊತ್ತೇ? ‘ಈ ಬಾರಿ ನಮ್ಮ ತಂಡವು ಹಿಂದೆಂದಿಗಿಂತಲೂ ಬಲಿಷ್ಠವಾಗಿದ್ದು, ಮುಂಬರುವ ವರ್ಷದಲ್ಲಿ ಕಾಲೇಜಿನ ಕೀರ್ತಿಪತಾಕೆಯನ್ನು ಹಾರಿಸುವುದರಲ್ಲಿ ಸಂಶಯವಿಲ್ಲ.’ ಒಂದು ದಿನ ನನ್ನ ಹೆಂಡತಿ ಅಟ್ಟ ಗುಡಿಸುವಾಗ ಹಳೆಯ ಸಂಚಿಕೆಗಳನ್ನೆಲ್ಲ ಇಳಿಸಿ ಒಂದರ ಪಕ್ಕ ಒಂದು ಇಟ್ಟು ಓದಿದಳು. ಐದರಲ್ಲೂ ಅದೇ ವಾಕ್ಯ. ಒಂದರಲ್ಲಿ ಮಾತ್ರ ಪತಾಕೆ ಎಂಬುದು ಬಿಟ್ಟುಹೋಗಿ ನಾವು ಬರೀ ಕೀರ್ತಿಯನ್ನು ಹಾರಿಸಿದ್ದೆವು. ಆ ಸಂಜೆ ಕಾಫಿ ಕೊಡುವಾಗ, ಈ ಬಾರಿ ಕಾಫಿ ಹಿಂದೆಂದಿಗಿಂತಲೂ ಬಲಿಷ್ಠವಾಗಿದೆ, ಸಂಶಯಪಡಬೇಡಿ ಎಂದಳು.

ಈ ಸುಳ್ಳು ಹೀಗೇ ನಡೆದುಹೋಗುತ್ತಿತ್ತೋ ಏನೋ. ಆದರೆ ಆರನೆಯ ವರ್ಷ ನಮ್ಮ ಕಾಲೇಜಿನಲ್ಲಿ ರೇಷ್ಮೆ ಕೃಷಿಯ ಕೋರ್ಸು ಶುರುವಾಯಿತು. ಪ್ರಿನ್ಸಿಪಾಲರಿಗೆ ಹಿಪ್ಪುನೇರಳೆ ತೋಟ ಮಾಡಲು ಜಾಗ ಬೇಕಾಯಿತು. ಒಂದು ದಿನ ಅವರು ನನ್ನನ್ನು ಮೈದಾನದ ನಡುವಿಗೆ ಕರೆದುಕೊಂಡು ಹೋಗಿ, ಕಾಲಿನಿಂದ ಮಣ್ಣು ಕೆದಕಿ, ಬೊಗಸೆಯಲ್ಲಿ ತೆಗೆದುಕೊಂಡು ಮೂಸಿ ನೋಡಿದರು. ಇಷ್ಟು ಒಳ್ಳೆಯ ಕೆಂಪು ಮಣ್ಣನ್ನು ಇಷ್ಟು ವರ್ಷ ಬರೀ ತುಳಿದು ಹಾಳು ಮಾಡಿದ್ದೀರಲ್ಲ ಎಂದು ನೊಂದುಕೊಂಡರು. ನಾನು ವಾದ ಮಾಡಲು ಹೋದೆ. ಅವರು ನ್ಯಾಯವಾಗಿಯೇ ತೀರ್ಮಾನ ಕೊಟ್ಟರು. ಈ ಸಲ ವಲಯ ಮಟ್ಟದ ಮೊದಲ ಸುತ್ತಿನ ಪಂದ್ಯ ನಮ್ಮ ಮೈದಾನದಲ್ಲೇ ಇದೆ, ಮೈಸೂರಿನ ತಂಡ ಇಲ್ಲಿಗೇ ಬರುತ್ತದೆ. ಅದೊಂದನ್ನು ಗೆದ್ದರೆ ಮೈದಾನ ನಿಮ್ಮದು. ಸೋತರೆ ಮರುದಿನವೇ ಉಳುಮೆ. ಮಾತು ಮುಗಿಸಿ ಅವರು ಕೈಯ ಮಣ್ಣನ್ನು ಕೆಳಗೆ ಹಾಕದೆ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು.

ಹುಡುಗರಿಗೆ ಸುದ್ದಿ ಹೇಳಿದಾಗ ಎಲ್ಲರೂ ಚೀಲ ಎತ್ತಿಕೊಂಡು ಹೊರಟರು. ಕ್ಯಾಪ್ಟನ್ ಆರೋಗ್ಯರಾಜ ಮಾತ್ರ ಆಮೇಲೆ ನನ್ನ ಜೊತೆ ಗೇಟಿನವರೆಗೆ ಬಂದ. ಮಾರ್ಟಳ್ಳಿಯ ಹುಡುಗ, ಬಿ.ಎ. ಕೊನೆಯ ವರ್ಷ, ನನ್ನ ಕ್ಲಾಸಿನಲ್ಲಿ ಕೊನೆಯ ಬೆಂಚು. ಮೂರು ವರ್ಷ ಆಡಿದ್ದಾನೆ, ಒಂದೂ ಗೆಲುವು ನೋಡಿಲ್ಲ. ಅವನು ತಲೆ ತಗ್ಗಿಸಿಕೊಂಡೇ ಹೇಳಿದ: “ನಂಗೆ ಕಪ್ಪೂ ಬ್ಯಾಡ, ಪದಕವೂ ಬ್ಯಾಡ ಸಾ. ಈ ಗ್ರೌಂಡಲ್ಲಿ ಒಂದ್ಸಲ ಗೆದ್ದಿವ್ನಿ ಅಂತ ಊರಿಗೋಗಿ ಯೋಳ್‌ಬೇಕು. ಅದಾದ್ರೆ ಸಾಕು.” ಐದು ವರ್ಷ ಪತಾಕೆ ಹಾರಿಸಿದವನು ನಾನು, ಈ ಹುಡುಗ ಕೇಳುತ್ತಿರುವುದು ಒಂದೇ ಒಂದು ಗೆಲುವು. ಈ ಸಲ ನನ್ನಿಂದ ಆಗುವುದನ್ನೆಲ್ಲ ಮಾಡಬೇಕೆಂದು ಅಂದೇ ನಿರ್ಧಾರ ಮಾಡಿದೆ.

ಮಾಡಿದೆ ಕೂಡ. ಹೊನ್ನೂರಿಗೆ ಹೋಗಿ ಶಿವಮಲ್ಲುವಿನ ತಾಯಿಯನ್ನು ಕಂಡು ಹುಳು ಯಾವ ದಿನ ಹಣ್ಣಾಗುತ್ತದೆಂದು ವಿಚಾರಿಸಿ ಪಂದ್ಯದ ದಿನವನ್ನು ಅದು ಮುಗಿದು ಮೂರು ದಿನವಾದ ಮೇಲಕ್ಕೆ ಹಾಕಿಸಿದೆ. ಗೋಲಿನ ಹಿಂದೆ ಕಟ್ಟಲು ಬಲೆ ಇರಲಿಲ್ಲ. ಕಾವೇರಿ ದಂಡೆಯಲ್ಲಿ ಮೀನು ಹಿಡಿಯುವವರಿಂದ ಹಳೆಯ ಬಲೆಯೊಂದನ್ನು ಕೇಳಿ ತಂದೆ. ಅದರ ವಾಸನೆಗೆ ಮೈದಾನದಲ್ಲಿ ಮೇಯುತ್ತಿದ್ದ ದನಗಳು ಕೂಡ ಆ ಕಡೆ ಹೋಗುವುದನ್ನು ಬಿಟ್ಟವು. ಪಂದ್ಯವನ್ನು ಮಧ್ಯಾಹ್ನ ಎರಡಕ್ಕೇ ಇರಿಸಿಕೊಂಡೆ, ನಾಲ್ಕರೊಳಗೆ ಮುಗಿದರೆ ಬಸ್ಸಿನ ತಾಪತ್ರಯವೇ ಇಲ್ಲವೆಂದು. ಅಷ್ಟಾಗಿಯೂ ತಡವಾದರೆ ಎಂದು ಹಿಂದಿನ ಸಂಜೆ ಗೇಟಿನ ಬಳಿ ಬಸ್ಸು ನಿಲ್ಲಿಸಿ ರಾಚಣ್ಣನ ಜೊತೆ ಮಾತಾಡಿದೆ. ಅವನು ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡೇ, “ಉಡುಗ್ರ ಬುಟ್ಬುಟ್ಟು ಎಂಗೋಗನ ಸಾ? ಆಟ ಮುಗಿಯಗಂಟ ಇಲ್ಲೇ ನಿಲ್ಲುಸ್ಕಂಡಿರ್ತೀನಿ. ನಾನ್ ಬಂದು ಕಾಯ್ತಾವ್ನಿ ಅಂತ ಅವ್ರಿಗೆ ಗೊತ್ತಾಗ್ಲಿ, ಒಂದ್ ಹಾರ್ನ್ ಒಡಿತೀನಿ, ನಿಧಾನ್ವಾಗಿ ಆಡ್ಕಳಿ” ಎಂದ. ಇಂಥ ಡ್ರೈವರು ಇನ್ನೆಲ್ಲಿ ಸಿಗುತ್ತಾನೆ ಎಂದುಕೊಂಡೆ. ಈ ಒಪ್ಪಂದವನ್ನು ಬೆಳಿಗ್ಗೆ ಹುಡುಗರಿಗೆ ಹೇಳಿಬಿಡಬೇಕು ಎಂದೂ ಅಂದುಕೊಂಡೆ.

ಬೆಳಿಗ್ಗೆ ಹೇಳಲಿಲ್ಲ. ಬೆಳಿಗ್ಗೆಯಿಂದ ನಾನು ಮುಖ್ಯ ಅತಿಥಿಯವರ ಹಾರ ಹುಡುಕುತ್ತಿದ್ದೆ. ನಮ್ಮ ಕಡೆ ಮುಖ್ಯ ಅತಿಥಿಗಳಿಲ್ಲದೆ ಒಂದು ಗಿಡವನ್ನೂ ನೆಡುವುದಿಲ್ಲ, ಇನ್ನು ಚೆಂಡನ್ನು ಒದೆಯುವುದುಂಟೇ? ಎರಡಕ್ಕೆ ಬರಬೇಕಾದವರು ಎರಡೂ ಮುಕ್ಕಾಲಿಗೆ ಬಂದರು. ಆರೋಗ್ಯವೇ ಭಾಗ್ಯ ಎಂದು ಶುರುಮಾಡಿ, ತಮ್ಮ ಬಾಲ್ಯದಲ್ಲಿ ಈಜು ಕಲಿತ ಬಾವಿಯ ಆಳವನ್ನು ವರ್ಣಿಸಿ, ಯುವಜನರು ದುಶ್ಚಟಗಳಿಂದ ದೂರವಿರಬೇಕೆಂದು ಹೇಳಿ, ಒಮ್ಮೆ ಚೆಂಡನ್ನು ಒದ್ದರು. ಅದು ಪಕ್ಕಕ್ಕೆ ಉರುಳಿ ಪ್ರಿನ್ಸಿಪಾಲರ ಕುರ್ಚಿಯ ಕೆಳಗೆ ಸೇರಿತು. ನಿಜವಾದ ಆಟ ಶುರುವಾಗುವ ಹೊತ್ತಿಗೆ ಮೂರೂ ಹತ್ತು. ಮೈಸೂರಿನ ಹುಡುಗರು ಒಂದೇ ಬಣ್ಣದ ಕಾಲುಚೀಲ ಹಾಕಿಕೊಂಡಿದ್ದರು. ನಮ್ಮವರಲ್ಲಿ ಇಬ್ಬರ ಕಾಲಿಗೆ ಬೂಟೇ ಇರಲಿಲ್ಲ. ನಾನು ಮೈದಾನದ ಅಂಚಿನಲ್ಲಿ ಕಲ್ಲುಬೆಂಚಿನ ಮೇಲೆ, ಕೊರಳಲ್ಲಿ ಸೀಟಿ, ಕೈಯಲ್ಲಿ ಬಲೆಚೀಲ ಹಿಡಿದು ಕೂತೆ. ಸೀಟಿ ಊದುವ ಕೆಲಸ ಆ ದಿನ ರೆಫರಿಯದು. ನನ್ನದನ್ನು ಯಾಕೆ ಹಾಕಿಕೊಂಡೆ ಎಂದರೆ, ಅದಿಲ್ಲದೆ ಮೈದಾನಕ್ಕೆ ಬಂದರೆ ಕೊರಳು ಖಾಲಿ ಖಾಲಿ ಎನಿಸುತ್ತಿತ್ತು, ಅಷ್ಟೇ.

ಅಂದು ನಮ್ಮ ಹುಡುಗರು ಆಡಿದ ಆಟವನ್ನು ನಾನು ಈಗಲೂ ಕಣ್ಣು ಮುಚ್ಚಿದರೆ ಕಾಣಬಲ್ಲೆ. ಹಿಂದಿನವರು ಊರಿದ ಕಾಲನ್ನು ಕದಲಿಸಲಿಲ್ಲ. ಶಿವಮಲ್ಲು ಎರಡು ಸಲ ಗಾಳಿಯಲ್ಲಿ ಹಾರಿ ಚೆಂಡನ್ನು ಎದೆಗಪ್ಪಿಕೊಂಡು ಬಿದ್ದ. ಮೊದಲರ್ಧ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಕೌದಳ್ಳಿಯ ಹುಡುಗ ನಡುವಿನಿಂದ ಚೆಂಡು ತಳ್ಳಿದ, ಆರೋಗ್ಯರಾಜ ತಮಿಳಿನಲ್ಲಿ ಏನೋ ಕೂಗಿದ, ಮೈಸೂರಿನವರು ಅದರ ಅರ್ಥ ಏನಿರಬಹುದೆಂದು ಯೋಚಿಸುವಷ್ಟರಲ್ಲಿ ಚೆಂಡು ಮೀನಿನ ಬಲೆಯೊಳಗೆ ಒದ್ದಾಡುತ್ತಿತ್ತು. ನಾನು ಎದ್ದು ಕುಣಿದೆನಂತೆ. ನನಗೆ ಜ್ಞಾಪಕವಿಲ್ಲ, ಅಟೆಂಡರ್ ಹೇಳಿದ್ದು. ಎರಡನೆಯ ಅರ್ಧದಲ್ಲಿ ಮೈಸೂರಿನವರು ಎಷ್ಟೇ ಒತ್ತಿ ಬಂದರೂ ನಮ್ಮವರು ಬಿಟ್ಟುಕೊಡಲಿಲ್ಲ. ಇನ್ನು ಇಪ್ಪತ್ತೇ ನಿಮಿಷ. ನಾನು ಮನಸ್ಸಿನಲ್ಲೇ ಆ ವರ್ಷದ ಸಂಚಿಕೆಗೆ ವಾಕ್ಯ ಜೋಡಿಸುತ್ತಿದ್ದೆ; ಪತಾಕೆಯನ್ನು ಈ ಸಲ ಹಕ್ಕಿನಿಂದ ಹಾರಿಸಬಹುದೆಂದು ಉಬ್ಬಿಹೋಗಿದ್ದೆ.

ಆಗ ನಾಲ್ಕೂವರೆಯಾಯಿತು. ರಾಚಣ್ಣ ಕೊಟ್ಟ ಮಾತಿನಂತೆ ಬಸ್ಸು ತಂದು, ಗೇಟಿನ ಬಳಿ ನಿಲ್ಲಿಸಿ, ನಿಧಾನವಾಗಿ ಆಡಿಕೊಳ್ಳಿ ಎಂಬ ಅರ್ಥದಲ್ಲಿ ಉದ್ದಕ್ಕೆ ಒಂದು ಹಾರ್ನ್ ಹೊಡೆದ. ನನ್ನ ತಲೆಗೆ ಏನಾದರೂ ಹೊಳೆಯುವ ಮೊದಲೇ ನನ್ನ ಬಾಯಿ ಮತ್ತು ಕಾಲು ಅವುಗಳ ಕೆಲಸ ಮಾಡಿ ಮುಗಿಸಿದ್ದವು. ಎದ್ದೆ, ಸೀಟಿಯನ್ನು ಬಾಯಿಗಿಟ್ಟು ಮೂರು ಸಲ ಊದಿದೆ, ಬಲೆಚೀಲ ಎತ್ತಿಕೊಂಡು ಗೇಟಿನ ಕಡೆ ಹತ್ತು ಹೆಜ್ಜೆ ನಡೆದೂಬಿಟ್ಟೆ. ಹಿಂದೆ ತಿರುಗಿ ನೋಡಿದರೆ ನಮ್ಮ ಹನ್ನೊಂದು ಜನವೂ ಆಟ ನಿಲ್ಲಿಸಿದ್ದರು. ಮುಂದಿನ ನಾಲ್ವರು ಹುಣಸೆಮರದ ಕಡೆ ಓಡಿ ಚೀಲಕ್ಕೆ ಕೈ ಹಾಕಿದ್ದರು. ಶಿವಮಲ್ಲು ಗೋಲಿನ ಬಾಯಲ್ಲೇ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ಮೈಸೂರಿನ ಹುಡುಗರು ಇದೇನಪ್ಪ ಎಂದು ಒಂದು ಗಳಿಗೆ ನಿಂತರು. ಆಮೇಲೆ ಅವರಲ್ಲೊಬ್ಬ, ಬಹಳ ಮರ್ಯಾದಸ್ಥ ಹುಡುಗ, ರೆಫರಿಯ ಮುಖವನ್ನೊಮ್ಮೆ ನೋಡಿ, ಅವರು ಆಡು ಎಂಬಂತೆ ಕೈ ಬೀಸಿದ ಮೇಲೆಯೇ, ಶಿವಮಲ್ಲುವಿಗೆ ತಗುಲದ ಹಾಗೆ ಚೆಂಡನ್ನು ಬಲೆಯೊಳಕ್ಕೆ ತಳ್ಳಿದ. ಹೊರಗಿನವರು ಊದಿದ ಸೀಟಿ ಲೆಕ್ಕಕ್ಕಿಲ್ಲ, ಗೋಲು ಗೋಲೇ ಎಂದರು ರೆಫರಿ. ಅದಾದ ಮೇಲೆ ನಮ್ಮವರ ಕಾಲಿನಲ್ಲಿ ಬಲವಿರಲಿಲ್ಲ. ಕೊನೆಯಲ್ಲಿ ಇನ್ನೊಂದು ಗೋಲು ಬಿತ್ತು, ನಾವು ಎರಡು ಒಂದರಲ್ಲಿ ಸೋತೆವು.

ಮುಖ್ಯ ಅತಿಥಿಗೆ ಎಳನೀರು ಕೊಡಿಸುವುದರಲ್ಲಿದ್ದ ಪ್ರಿನ್ಸಿಪಾಲರು ಏನಾಯಿತೆಂದು ಸರಿಯಾಗಿ ನೋಡಿರಲಿಲ್ಲ. ಓಡಿಬಂದು, ಆಟ ನಿಲ್ಲಿಸಿದ್ದು ಯಾರು, ಸೀಟಿ ಊದಿದ್ದು ಯಾರು ಎಂದು ಕೇಳಿದರು. ಅಷ್ಟರಲ್ಲಿ ನನ್ನ ಸೀಟಿ ಹೇಗೋ ಕೊರಳಿನಿಂದ ಇಳಿದು ಷರ್ಟಿನ ಜೇಬು ಸೇರಿತ್ತು. ಆರೋಗ್ಯರಾಜ ಮುಂದೆ ಬಂದ. ಅವನ ಕಣ್ಣು ಕೆಂಪಾಗಿತ್ತು. “ಯಾರೂ ಊದ್ಲಿಲ್ಲ ಸಾ. ಬಸ್ಸು ಬಂತಲ್ಲ ಅಂತ ನಾನೇ ಕೈಯೆತ್ತಿ ನಿಲ್ಲುಸ್ದೆ. ತಪ್ಪು ನಂದೇಯ” ಎಂದ. ಇಂಥ ಕ್ಯಾಪ್ಟನ್ನಿಗೆ ಮೈದಾನ ಬೇರೆ ಕೇಡು ಎಂದುಬಿಟ್ಟರು ಪ್ರಿನ್ಸಿಪಾಲರು. ಅವನು ನನ್ನ ಕಡೆ ತಿರುಗಿಯೂ ನೋಡದೆ ಚೀಲ ಹೆಗಲಿಗೆ ಹಾಕಿಕೊಂಡು ಗೇಟಿಗೆ ಹೋದ. ಅಲ್ಲಿ ರಾಚಣ್ಣ ಬಸ್ಸಿನಿಂದ ಕೆಳಗಿಳಿದು ನಿಂತು, ನಿಮ್ಮ ಮೇಷ್ಟ್ರಿಗೆ ನಾನು ಕಾಯುತ್ತೇನೆ ಅಂದಿರಲಿಲ್ಲವೇ, ನಡುವೆ ಆಟ ಯಾಕೆ ಬಿಟ್ಟಿರಿ ಎಂದು ಅವನನ್ನು ಕೇಳುತ್ತಿದ್ದುದು ನನಗೆ ಸ್ಪಷ್ಟವಾಗಿ ಕೇಳಿಸಿತು. ನನಗೆ ಆ ಹೊತ್ತು ಭೂಮಿ ಬಾಯಿಬಿಡಬಾರದೇ ಎನಿಸಿತು.

ಅಂದು ನಾನು ಬಸ್ಸಿಗೆ ಓಡಲಿಲ್ಲ. ಮುಂದಿನ ಬಸ್ಸಿನಲ್ಲಿ ನಿಂತುಕೊಂಡೇ ಯಳಂದೂರಿಗೆ ಬಂದೆ. ಸೋಲಿಗೆ ಕಾರಣಗಳು ಎಂದು ಹತ್ತು ಅಂಕದ ಉತ್ತರಗಳನ್ನು ನೂರಾರು ಸಲ ತಿದ್ದಿದವನು ನಾನು. ಈ ಸೋಲಿಗೂ ಮನಸ್ಸಿನಲ್ಲೇ ಕಾರಣ ಹುಡುಕಿದೆ. ಒಂದು, ಮುಖ್ಯ ಅತಿಥಿಯ ಭಾಷಣ. ಎರಡು, ಲ್ಯಾಬಿನ ವೇಳೆ. ಮೂರು, ಡ್ರೈವರನ ಒಳ್ಳೆಯತನ. ಎಷ್ಟು ಬರೆದರೂ ಪಟ್ಟಿಯ ಕೆಳಗೆ ಒಂದು ಸೀಟಿ ನೇತಾಡುತ್ತಲೇ ಇತ್ತು. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. “ಆ ಹುಡುಗ ನಿಮ್ಮ ಮರ್ಯಾದೆ ಉಳಿಸೋಕೆ ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡಿದ್ದಾನೆ. ನೀವು ಮೇಷ್ಟ್ರು, ಜೇಬಲ್ಲಿ ಸೀಟಿ ಇಟ್ಕೊಂಡು ಮನೆಗೆ ಬಂದಿದ್ದೀರಿ” ಎಂದಷ್ಟೇ ಹೇಳಿ ತಟ್ಟೆ ಹಾಕಿದಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಪ್ರಿನ್ಸಿಪಾಲರ ಕೋಣೆಯ ಮುಂದೆ ನಿಂತೆ. ಮೈದಾನದ ಅಂಚಿನಲ್ಲಿ ಟ್ರ್ಯಾಕ್ಟರು ಬಂದು ನಿಂತಿತ್ತು. ಅವರು ಮಾತಿಗೆ ತಪ್ಪುವವರಲ್ಲ. ಒಳಗೆ ಹೋಗಿ ಸೀಟಿಯನ್ನು ಅವರ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಹಾರ್ನ್ ಹೊಡೆಯುವ ಒಪ್ಪಂದವನ್ನು ಹುಡುಗರಿಗೆ ಹೇಳಲು ಮರೆತದ್ದನ್ನೂ ಸೇರಿಸಿ ಹೇಳಿದೆ. ಅವರು ಸೀಟಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆ, ಅಲ್ಲಿಯವರೆಗೆ ನಾವು ಗೆಲ್ಲುತ್ತಿದ್ದೆವೇ ಎಂದು ಕೇಳಿದರು. ಹೌದು, ಒಂದು ಗೋಲು ಮುಂದಿದ್ದೆವು ಎಂದೆ. “ಹಾಗಾದರೆ ಈ ಮೈದಾನದಿಂದ ತೆಗೀಬೇಕಾದ್ದು ಫುಟ್‌ಬಾಲನ್ನಲ್ಲ” ಎಂದರು. ಟ್ರ್ಯಾಕ್ಟರು ಲೈಬ್ರರಿಯ ಹಿಂದಿನ ಖಾಲಿ ಜಾಗಕ್ಕೆ ಹೋಯಿತು. ಆರೋಗ್ಯರಾಜನನ್ನು ಕರೆಸಿ ಅವರೇ ಹೆಗಲ ಮೇಲೆ ಕೈಯಿಟ್ಟು ಮಾತಾಡಿದರು. ತಂಡದ ಉಸ್ತುವಾರಿ ಲೈಬ್ರೇರಿಯನ್ನರಿಗೆ ಹೋಯಿತು. ಅವರ ಮನೆ ಕೊಳ್ಳೇಗಾಲದಲ್ಲೇ, ಕಾಲೇಜಿನ ಎದುರಿಗೆ. ಹುಟ್ಟಿದ ಮೇಲೆ ಬಸ್ಸಿಗಾಗಿ ಓಡಿದವರೇ ಅಲ್ಲ.

ಸಂಚಿಕೆಗೆ ಕೊನೆಯ ಭವಿಷ್ಯ ಮಾತ್ರ ನಾನೇ ಬರೆದುಕೊಟ್ಟೆ. ಪತಾಕೆ, ಕೀರ್ತಿ ಯಾವುದೂ ಇರಲಿಲ್ಲ. ‘ತಂಡದ ಅತಿ ದೊಡ್ಡ ದೌರ್ಬಲ್ಯವನ್ನು ಆಡಳಿತವು ಗುರುತಿಸಿ ನಿವಾರಿಸಿರುವುದರಿಂದ ಮುಂದಿನ ವರ್ಷ ನಮ್ಮವರು ಗೆಲ್ಲುತ್ತಾರೆ’ ಎಂದು ಎರಡು ಸಾಲು ಬರೆದು ಸಹಿ ಹಾಕಿದೆ. ಅಷ್ಟು ನಿಜವನ್ನು ಆ ಸಂಚಿಕೆಯಲ್ಲಿ ಅದಕ್ಕೆ ಮುಂಚೆ ಯಾರೂ ಬರೆದಿರಲಿಲ್ಲವೆಂದು ಕಾಣುತ್ತದೆ, ಹುಡುಗರೆಲ್ಲ ಓದಿದರು.

ಮುಂದಿನ ವರ್ಷವೂ ಮೊದಲ ಸುತ್ತು ನಮ್ಮಲ್ಲೇ. ನಾನು ಪ್ರೇಕ್ಷಕನಾಗಿ ಅದೇ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಆರೋಗ್ಯರಾಜ. ಅವನು ಆಗಲೇ ಮಾರ್ಟಳ್ಳಿಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದ, ಪಂದ್ಯ ನೋಡಲೆಂದೇ ಬೆಳಗಿನ ಬಸ್ಸಿಗೆ ಬಂದಿದ್ದ. ತಂಡದವರು ಮೈದಾನಕ್ಕಿಳಿಯುವ ಮೊದಲು ಹೊಸ ಕ್ಯಾಪ್ಟನ್ ಶಿವಮಲ್ಲು ನೇರ ನನ್ನ ಬಳಿ ಬಂದು ಅಂಗೈ ಚಾಚಿ ನಿಂತ. ಆಶೀರ್ವಾದ ಕೇಳುತ್ತಿದ್ದಾನೆಂದು ನಾನು ಕೈಯೆತ್ತಲು ಹೋದೆ. “ಅದಲ್ಲ ಸಾ. ಜೇಬಲ್ಲಿ ವಿಷಲ್ ಇದ್ರೆ ಕೊಟ್ಬುಡಿ, ಆಟ ಮುಗಿದ್ ಮ್ಯಾಲೆ ಕೊಡ್ತೀನಿ” ಎಂದ. ಪ್ರಿನ್ಸಿಪಾಲರು ಯಾವತ್ತೋ ನನಗೆ ವಾಪಸು ಕೊಟ್ಟಿದ್ದರು, ಜೇಬಿನಲ್ಲೇ ಇತ್ತು. ತೆಗೆದು ಕೊಟ್ಟೆ. ಅವನು ಅದನ್ನು ಗೋಲಿನ ಕಂಬಕ್ಕೆ ಎತ್ತರದಲ್ಲಿ ಕಟ್ಟಿ ಆಟಕ್ಕೆ ನಿಂತ.

ಒಂದು ಗೋಲು ಮುಂದಿದ್ದೆವು. ನಾಲ್ಕೂವರೆಗೆ ರಾಚಣ್ಣನ ಹಾರ್ನ್ ಕೇಳಿಸಿತು. ಮೈದಾನದಲ್ಲಿ ಒಬ್ಬನೇ ಒಬ್ಬ ಹುಡುಗನೂ ತಲೆಯೆತ್ತಲಿಲ್ಲ. ಹಿಂದಿನಿಂದ ಆರೋಗ್ಯರಾಜ ಓಡಿಬಂದು ನನ್ನ ತೋಳು ಹಿಡಿದುಕೊಂಡಾಗಲೇ ನಾನು ಎದ್ದು ಗೇಟಿನ ಅರ್ಧ ದಾರಿಗೆ ಬಂದಿದ್ದೇನೆಂದು ನನಗೆ ತಿಳಿದದ್ದು. ಅಲ್ಲಿ ನಿಂತಿದ್ದುದು ಮಾರ್ಟಳ್ಳಿ ಬಸ್ಸು, ನನ್ನ ಊರೋ ಎದುರು ದಿಕ್ಕಿಗಿದೆ. ಅಷ್ಟರಲ್ಲಿ ಬೆನ್ನ ಹಿಂದೆ ಮೈದಾನವೇ ಎದ್ದು ಕೂಗಿತು. ಎರಡನೆಯ ಗೋಲು ಆಗಿತ್ತು. ಆರೋಗ್ಯರಾಜನಿಗೆ ಅಳುವೂ ನಗುವೂ ಒಟ್ಟಿಗೆ ಬಂದಿದ್ದವು. “ಕುಂತ್ಕಳಿ ಬನ್ನಿ ಸಾ, ಗೆದ್ವಿ. ಬಸ್ಸು ಕಾಯ್ತದೆ” ಎಂದು ನನ್ನನ್ನು ಕೈಹಿಡಿದು ವಾಪಸು ಕರೆತಂದ. ಆ ವರ್ಷದ ಸಂಚಿಕೆಗೆ ಆ ಎರಡನೆಯ ಗೋಲಿನ ವರ್ಣನೆಯನ್ನು ಪ್ರತ್ಯಕ್ಷದರ್ಶಿಯಾಗಿ ನಾನೇ ಬರೆದುಕೊಟ್ಟೆ. ಬಹಳ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೊಗಳಿದರು.